ಓದುಗರ ಪ್ರಶ್ನೆ: 18 ನಿಮಿಷದ ಟಾಕ್ ಮುಗಿದ್ಮೇಲೆ ಏನ್ ಮಾಡೋದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟೆಡ್ ಟಾಕ್, ಮೋಟಿವೇಷನ್ ವಿಡಿಯೋ, ಹತ್ತು ನಿಮಿಷದ ಭಾಷಣ ಇವುಗಳ ಸುತ್ತಾನೇ ಇದ್ವು, ಹಾಗಾಗಿ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ಹಾಕಿ ಇವನ್ನ ಒಟ್ಟಿಗೆ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳ್ಕೊಂಡಿದ್ರು, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಟೆಡ್ ಟಾಕ್ ಅಂದ್ರೆ 18 ನಿಮಿಷ ಅಂತಾರೆ. ಯಾಕೆ 18? ಇದರ ಹಿಂದೆ ಏನಾದ್ರೂ ಲೆಕ್ಕ ಇದ್ಯಾ? (ಕಾಲೇಜು ವಿದ್ಯಾರ್ಥಿನಿ)

ಮಂತ್ರದ ಸಂಖ್ಯೆ ಏನಲ್ಲ. ಟೆಡ್ ಶುರುವಾಗಿದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೇ ಊರಲ್ಲಿ, ರಿಚರ್ಡ್ ಸಾಲ್ ವರ್ಮನ್ ಮತ್ತೆ ಹ್ಯಾರಿ ಮಾರ್ಕ್ಸ್ ಸೇರಿ ಮಾಡಿದ ಒಂದು ಸಮ್ಮೇಳನ ಅದು. ಟೆಕ್ನಾಲಜಿ, ಎಂಟರ್‌ಟೇನ್‌ಮೆಂಟ್, ಡಿಸೈನ್ ಮೂರೂ ಒಂದೇ ಕಡೆ. ಮೊದಲನೇ ಸಲ ಕೈ ಸುಟ್ಕೊಂಡ್ರು, ಎರಡನೇದು ನಡೆದಿದ್ದು 1990ರಲ್ಲೇ. 2001ರಲ್ಲಿ ಕ್ರಿಸ್ ಆಂಡರ್ಸನ್ ಅವರ ಫೌಂಡೇಷನ್ ಕೈಗೆ ಬಂತು, 2006ರ ಜೂನ್‌ನಲ್ಲಿ ಟಾಕ್‌ಗಳನ್ನ ಇಂಟರ್‌ನೆಟ್ಟಲ್ಲಿ ಫ್ರೀಯಾಗಿ ಹಾಕೋಕೆ ಶುರು ಮಾಡಿದ್ರು. ಅಲ್ಲಿವರೆಗೆ ದುಬಾರಿ ಟಿಕೆಟ್ ತಗೊಂಡು ಹೋದೋರಿಗೆ ಮಾತ್ರ ಸಿಗ್ತಿದ್ದಿದ್ದು ಅವತ್ತಿಂದ ಎಲ್ಲರಿಗೂ ಸಿಕ್ತು, ನಿಜವಾದ ತಿರುವು ಅದೇ.

18 ನಿಮಿಷದ ಬಗ್ಗೆ ಆಂಡರ್ಸನ್ ಹೇಳೋದು ಸಿಂಪಲ್ಲಾಗಿದೆ. ಗಂಭೀರವಾದ ವಿಷಯ ಹೇಳೋಕೆ ಅಷ್ಟು ಸಾಕು, ಕೇಳೋರ ಗಮನ ಜಾರೋಕೆ ಅಷ್ಟು ಸಾಲದು. ನನಗೆ ಕಾಣೋ ದೊಡ್ಡ ಲಾಭ ಬೇರೆ. 45 ನಿಮಿಷ ಮಾತಾಡಿ ರೂಢಿ ಇದ್ದೋರಿಗೆ 18 ಕೊಟ್ರೆ ಅವರು ಏನು ಬಿಡ್ಬೇಕು ಅಂತ ಯೋಚನೆ ಮಾಡ್ಲೇಬೇಕು, ಆ ಯೋಚನೆಯಲ್ಲೇ ಅರ್ಧ ಭಾಷಣ ಸರಿಹೋಗುತ್ತೆ. ಇನ್ನೂ ಬಿಗಿಯಾದವು ಇವೆ. ಟೋಕಿಯೋದಲ್ಲಿ 2003ರಲ್ಲಿ ಹುಟ್ಟಿದ ಪೆಚಾ ಕುಚಾದಲ್ಲಿ 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್, ಸ್ಲೈಡ್ ತಾನಾಗೇ ಮುಂದೆ ಹೋಗ್ತಾ ಇರುತ್ತೆ, ನೀವು ತಡವರಿಸಿದ್ರೆ ಅದು ಕಾಯಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ ಸ್ಪರ್ಧೆಯಲ್ಲಂತೂ ವರ್ಷಗಟ್ಟಲೆ ಮಾಡಿದ ಪಿಎಚ್‌ಡಿಯನ್ನ 3 ನಿಮಿಷದಲ್ಲಿ ಒಂದೇ ಸ್ಲೈಡ್ ಇಟ್ಕೊಂಡು ಹೇಳ್ಬೇಕು.

ಇದೆಲ್ಲ ಹೊಸ ಫ್ಯಾಷನ್ ಅಂದ್ಕೋಬೇಡಿ. 1863ರ ನವೆಂಬರ್ 19ಕ್ಕೆ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಅನ್ನೋ ಹೆಸರಾಂತ ಭಾಷಣಕಾರ 2 ಗಂಟೆ ಮಾತಾಡಿದ್ರು, ಆಮೇಲೆ ಎದ್ದ ಲಿಂಕನ್ ಸುಮಾರು 2 ನಿಮಿಷ. ನೀವು 2 ನಿಮಿಷದಲ್ಲಿ ವಿಷಯದ ತಿರುಳಿಗೆ ಬಂದಷ್ಟು ಹತ್ರ ನಾನು 2 ಗಂಟೇಲಿ ಬಂದಿದ್ರೆ ಸಾಕಿತ್ತು ಅನ್ನೋ ಅರ್ಥದಲ್ಲಿ ಮಾರನೇ ದಿನ ಎವರೆಟ್ ಅವರೇ ಲಿಂಕನ್‌ಗೆ ಕಾಗದ ಬರೆದ್ರು. ಹಾಗೆ ಬರೆಯೋಕೂ ದೊಡ್ಡ ಮನಸ್ಸು ಬೇಕು ಬಿಡಿ.

ಪ್ರಶ್ನೆ: ದಿನಾ ರಾತ್ರಿ ಮಲಗೋ ಮುಂಚೆ ಎರಡೋ ಮೂರೋ ಇಂಥ ಟಾಕ್ ನೋಡ್ತೀನಿ. ನೋಡುವಾಗ ಮೈ ಜುಮ್ ಅನ್ನುತ್ತೆ, ನಾಳೆಯಿಂದ ಎಲ್ಲಾ ಬದಲಾಯಿಸ್ಬಿಡ್ತೀನಿ ಅನ್ಸುತ್ತೆ. ಬೆಳಿಗ್ಗೆ ಎದ್ರೆ ಏನೂ ಇಲ್ಲ, ಅದೇ ನಾನು. ಟೈಮ್ ವೇಸ್ಟ್ ಮಾಡ್ತಿದೀನಾ? (ಖಾಸಗಿ ಕಂಪನಿ ಉದ್ಯೋಗಿ)

ಪೂರ್ತಿ ವೇಸ್ಟ್ ಅಂತ ಹೇಳಲ್ಲ, ಸೀರಿಯಲ್ ನೋಡೋರನ್ನ ನಾವೇನು ಕೇಳ್ತೀವಾ? ಆದ್ರೆ ಮೈ ಜುಮ್ ಅನ್ಸೋದು ಮಾತಾಡೋರ ಕೆಲಸ, ಅದನ್ನ ಅವರು ಚೆನ್ನಾಗಿ ಮಾಡಿದಾರೆ ಅಷ್ಟೇ. ಅದರಿಂದ ನಿಮ್ಮ ತಲೆಗೆ ಏನು ಬಂತು ಅನ್ನೋದು ಬೇರೆ ಲೆಕ್ಕ.

ಒಂದು ಚಿಕ್ಕ ಪರೀಕ್ಷೆ ಮಾಡ್ಕೊಳ್ಳಿ. ಟಾಕ್ ಮುಗಿದ ತಕ್ಷಣ ಮುಂದಿನ ವಿಡಿಯೋ ಓಡೋಕೆ ಬಿಡದೆ ಫೋನ್ ಪಕ್ಕಕ್ಕಿಟ್ಟು, ಆ ಮನುಷ್ಯ ಹೇಳಿದ್ದೇನು ಅಂತ ಅವರ ಕಥೆ ಬಿಟ್ಟು ಎರಡು ವಾಕ್ಯದಲ್ಲಿ ನಿಮ್ಮ ಮಾತಲ್ಲೇ ಹೇಳಿ ನೋಡಿ. ಹೇಳೋಕೆ ಬಂದ್ರೆ ಅದರಲ್ಲಿ ವಿಚಾರ ಇತ್ತು. "ಕಷ್ಟಪಟ್ಟು ಮೇಲೆ ಬಂದ್ರು, ನಾವೂ ಅಂದ್ಕೊಂಡ್ರೆ ಸಾಧಿಸಬಹುದು" ಅನ್ನೋದಷ್ಟೇ ಉಳಿದ್ರೆ ಅಲ್ಲಿ ವಿಚಾರ ಇರ್ಲಿಲ್ಲ, ಹುರುಪು ಇತ್ತು. ಯಾರೂ ಅಲ್ಲ ಅನ್ನೋಕಾಗದ ಮಾತು ವಿಚಾರ ಅಲ್ಲ ಕಣ್ರೀ. ಇದನ್ನ ಕೇಳಿ ಒಬ್ರಾದ್ರೂ "ಇಲ್ಲ ಹಂಗಲ್ಲ" ಅಂತ ವಾದಕ್ಕೆ ಬರಬಹುದು ಅನ್ಸಿದ್ರೆ ಮಾತ್ರ ಅಲ್ಲಿ ಏನೋ ಇದೆ ಅಂತ.

ಕಥೆ, ವಿಚಾರ ಎರಡೂ ಹೊಸೆದುಕೊಂಡಿರೋ ಟಾಕ್ ಹೇಗಿರುತ್ತೆ ಅಂತ ನೋಡ್ಬೇಕಾದ್ರೆ 2008ರ ಜಿಲ್ ಬೋಲ್ಟ್ ಟೇಲರ್ ಅವರದ್ದು ನೋಡಿ. ಆಕೆ ಮೆದುಳಿನ ವಿಜ್ಞಾನಿ. 1996ರಲ್ಲಿ ಒಂದು ಬೆಳಿಗ್ಗೆ ಅವರದ್ದೇ ಮೆದುಳಿನ ಎಡಭಾಗದಲ್ಲಿ ರಕ್ತನಾಳ ಒಡೆದು ಸ್ಟ್ರೋಕ್ ಆಯ್ತು, ಮಾತು, ಓದು ಎಲ್ಲ ಒಂದೊಂದಾಗಿ ಹೋಗ್ತಾ ಇರೋದನ್ನ ಅವರು ಒಳಗಿಂದ ಗಮನಿಸಿದಾರೆ, ಸಹಾಯಕ್ಕೆ ಫೋನ್ ಮಾಡೋಕೆ ನಂಬರಿನ ಆಕಾರವನ್ನ ಒಂದೊಂದೇ ಹೊಂದಿಸ್ಕೊಂಡು ಒತ್ತಿದಾರೆ. ವೇದಿಕೆಗೆ ನಿಜವಾದ ಮನುಷ್ಯನ ಮೆದುಳನ್ನೇ ತರಿಸಿ ಕೈಯಲ್ಲಿ ಹಿಡ್ಕೊಂಡು ತೋರಿಸಿದ್ರು. ಅಲ್ಲಿ ಕಥೆ ತೆಗೆದ್ರೆ ವಿಜ್ಞಾನ ನಿಲ್ಲಲ್ಲ, ವಿಜ್ಞಾನ ತೆಗೆದ್ರೆ ಬರೀ ಆಸ್ಪತ್ರೆ ಕಥೆ ಆಗುತ್ತೆ.

ಇನ್ನೊಂದು, ಒಂದೇ ರಾತ್ರಿ ಮೂರು ನೋಡ್ಬೇಡಿ. ಎರಡನೇದು ಮೊದಲನೇದನ್ನ ಅಳಿಸಿಬಿಡುತ್ತೆ. ಒಂದು ನೋಡಿ, ಅದರ ಬಗ್ಗೆ ಮನೇಲೋ ಆಫೀಸಲ್ಲೋ ಯಾರ ಹತ್ರಾದ್ರೂ ಮಾತಾಡಿ. ಅವರು ಮುಖ ಸಿಂಡರಿಸಿ ಎದುರು ಪ್ರಶ್ನೆ ಕೇಳಿದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ನನ್ನ ತಮ್ಮ ಸಕ್ಸಸ್ ಸ್ಟೋರಿ ವಿಡಿಯೋ ನೋಡಿ ನೋಡಿ ಕೆಲಸ ಬಿಟ್ಟು ಬಿಸಿನೆಸ್ ಮಾಡ್ತೀನಿ ಅಂತ ಕೂತಿದಾನೆ. ಅಪ್ಪ ಅಮ್ಮ ಹೇಳಿದ್ರೆ "ನಿಮಗೆ ರಿಸ್ಕ್ ತಗೊಳ್ಳೋದು ಗೊತ್ತಿಲ್ಲ" ಅಂತಾನೆ. ಹೇಗೆ ಹೇಳೋದು? (ಅಕ್ಕ)

ಬೇಡ ಅಂತ ಹೇಳ್ಬೇಡಿ, ಬೇಡ ಅಂದಷ್ಟೂ ಹಠ ಜಾಸ್ತಿ ಆಗುತ್ತೆ, ಅದೂ ಅಕ್ಕ ಹೇಳಿದ್ರಂತೂ ಮುಗೀತು. ಒಂದೇ ಪ್ರಶ್ನೆ ಕೇಳಿ: ಇದೇ ಧೈರ್ಯ ಮಾಡಿ ಕೆಲಸ ಬಿಟ್ಟು ಸೋತೋರನ್ನ ಆ ವೇದಿಕೆಗೆ ಯಾಕೆ ಕರೆಯಲ್ಲ? ಗೆದ್ದೋರು ಮಾತ್ರ ಮೈಕ್ ಹಿಡಿದ್ರೆ ಅವರು ಮಾಡಿದ್ದೆಲ್ಲ ಗೆಲುವಿನ ಕಾರಣದ ಥರಾನೇ ಕಾಣುತ್ತೆ, ನಾಲ್ಕು ಗಂಟೆಗೆ ಎದ್ದಿದ್ದೂ ಕಾರಣ, ಕಾಲೇಜು ಬಿಟ್ಟಿದ್ದೂ ಕಾರಣ. ನಾಲ್ಕು ಗಂಟೆಗೆ ಎದ್ದು ಸೋತೋರ ಲೆಕ್ಕ ಯಾರ ಹತ್ರಾನೂ ಇಲ್ಲ.

ಇದನ್ನ ನೋಡಿ ಬೇಸತ್ತು 2012ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಕೆಲವು ಸ್ನೇಹಿತರು ಉಲ್ಟಾ ಕಾರ್ಯಕ್ರಮ ಶುರು ಮಾಡಿದ್ರು. ಬಿಸಿನೆಸ್ ಮುಳುಗಿಸಿಕೊಂಡೋರು ಬಂದು ಎಲ್ಲಿ ಎಡವಿದ್ವಿ ಅಂತ ಕೆಲವೇ ನಿಮಿಷದಲ್ಲಿ ಹೇಳ್ತಾರೆ, ಈಗ ಬೇರೆ ಬೇರೆ ದೇಶಗಳಲ್ಲಿ ನಡೀತಿದೆ (ಅದರ ಹೆಸರು ಸ್ವಲ್ಪ ಒರಟು, ಇಲ್ಲಿ ಅಚ್ಚು ಹಾಕೋ ಹಾಗಿಲ್ಲ, ತಮ್ಮನಿಗೆ ಹುಡುಕೋಕೆ ಕಷ್ಟ ಆಗಲ್ಲ). ಅಂಥ ನಾಲ್ಕು ಟಾಕ್ ನೋಡಿದ್ಮೇಲೂ ಬಿಸಿನೆಸ್ಸೇ ಮಾಡ್ತೀನಿ ಅಂದ್ರೆ ಅವನ ಹತ್ರ ಪ್ಲಾನ್ ಇದೆ ಅಂತ ಅರ್ಥ, ಆಗ ಕೂತು ಕೇಳಿ. ಗೆದ್ದೋರ ಟಾಕನ್ನೂ ಬಿಡೋದು ಬೇಡ. ಆದ್ರೆ ಅದರಲ್ಲಿ ಮೊದಲ ವರ್ಷದ ಖರ್ಚು ಯಾರು ನೋಡ್ಕೊಂಡ್ರು, ಮನೆ ಬಾಡಿಗೆ ಎಲ್ಲಿಂದ ಬಂತು ಅನ್ನೋ ಮಾತು ಬರುತ್ತಾ ಅಂತ ಹುಡುಕೋಕೆ ಹೇಳಿ. ಸಾಮಾನ್ಯವಾಗಿ ಎಡಿಟಿಂಗಲ್ಲಿ ಹಾರಿಹೋಗೋದು ಅದೇ ಭಾಗ.

ಪ್ರಶ್ನೆ: ಟೆಡ್‌ನಲ್ಲಿ ಬಂದ್ಮೇಲೆ ಚೆಕ್ ಮಾಡೇ ಹಾಕಿರ್ತಾರೆ ಅಲ್ವಾ? ಅಲ್ಲಿ ಹೇಳಿದ್ದನ್ನ ನಂಬಬಹುದಾ? (ಶಿಕ್ಷಕಿ)

ಒಳ್ಳೇ ಪ್ರಶ್ನೆ, ಪಾಠ ಮಾಡೋರಾಗಿ ನೀವು ಕೇಳ್ಲೇಬೇಕಾದ ಪ್ರಶ್ನೆ. ಮೊದಲು ಟೆಡ್ ಬೇರೆ, ಟೆಡ್‌ಎಕ್ಸ್ ಬೇರೆ. 2009ರಿಂದ ಟೆಡ್ ಬೇರೆಯವರಿಗೆ ಫ್ರೀಯಾಗಿ ಲೈಸೆನ್ಸ್ ಕೊಡ್ತಿದೆ, ನಿಯಮ ಪಾಲಿಸಿ ಯಾರು ಬೇಕಾದ್ರೂ ತಮ್ಮ ಊರಲ್ಲೋ ಕಾಲೇಜಲ್ಲೋ ಕಾರ್ಯಕ್ರಮ ಮಾಡಬಹುದು, ಅದೇ ಟೆಡ್‌ಎಕ್ಸ್. ಮಾತಾಡೋರನ್ನ ಆರಿಸೋದು ಅಲ್ಲಿಯ ಆಯೋಜಕರು. ಕೆಂಪು ಅಕ್ಷರ ನೋಡಿ ಎಲ್ಲಾ ಒಂದೇ ಅಂದ್ಕೊಂಡ್ರೆ ಕಷ್ಟ. ಕೆಲವು ಕಡೆ ವಿಜ್ಞಾನದ ಹೆಸರಲ್ಲಿ ಏನೇನೋ ಬರೋಕೆ ಶುರುವಾಗಿ, ಸುಳ್ಳು ವಿಜ್ಞಾನ ಗುರುತಿಸೋದು ಹೇಗೆ ಅಂತ 2012ರ ಡಿಸೆಂಬರ್‌ನಲ್ಲಿ ಟೆಡ್‌ನೋರೇ ಎಲ್ಲಾ ಟೆಡ್‌ಎಕ್ಸ್ ಆಯೋಜಕರಿಗೆ ಪತ್ರ ಬರೀಬೇಕಾಯ್ತು.

ಹಾಗಂತ ದೊಡ್ಡ ವೇದಿಕೆಯಲ್ಲಿ ಹೇಳಿದ್ದೆಲ್ಲ ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. 2012ರ ಮನಶ್ಶಾಸ್ತ್ರಜ್ಞೆ ಏಮಿ ಕಡಿ ಅವರ ಟಾಕ್ ನೀವು ನೋಡಿರ್ತೀರಿ, ಕೋಟಿಗಟ್ಟಲೆ ಜನ ನೋಡಿರೋದು. ಇಂಟರ್‌ವ್ಯೂಗೆ ಮುಂಚೆ 2 ನಿಮಿಷ ಸೊಂಟದ ಮೇಲೆ ಕೈ ಇಟ್ಟು ಎದೆ ಅಗಲಿಸಿ ನಿಂತ್ಕೊಂಡ್ರೆ ದೇಹದ ಹಾರ್ಮೋನೇ ಬದಲಾಗುತ್ತೆ, ಧೈರ್ಯ ಬರುತ್ತೆ ಅನ್ನೋದು ಸಾರ. ಅದರ ಹಿಂದಿದ್ದ 2010ರ ಅಧ್ಯಯನದಲ್ಲಿ ಇದ್ದಿದ್ದು 42 ಜನ. 2015ರಲ್ಲಿ ಬೇರೆ ತಂಡ 200 ಜನರ ಮೇಲೆ ಮಾಡಿ ನೋಡಿದ್ರೆ ಹಾರ್ಮೋನ್ ಬದಲಾವಣೆ ಸಿಗ್ಲಿಲ್ಲ, "ನನಗೆ ಧೈರ್ಯ ಬಂದಂಗೆ ಅನಿಸ್ತು" ಅಂತ ಜನ ಹೇಳಿದ್ದು ಮಾತ್ರ ಸಿಕ್ತು. 2016ರಲ್ಲಿ ಮೂಲ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿ ಅವರೇ ಈ ಪರಿಣಾಮ ನಿಜ ಅಂತ ನಾನು ನಂಬಲ್ಲ ಅಂತ ಬಹಿರಂಗವಾಗಿ ಬರೆದ್ರು. ಕಡಿ ಒಪ್ಪಿಲ್ಲ, ಅನಿಸಿಕೆ ಬದಲಾಗೋದಾದ್ರೂ ನಿಜ ಅಂತ ಆಮೇಲೂ ವಾದ ಮಾಡಿದಾರೆ. ಇಲ್ಲಿ ಯಾರೂ ಸುಳ್ಳು ಹೇಳಿದ್ರು ಅಂತಲ್ಲ. ವಿಜ್ಞಾನದಲ್ಲಿ ಒಂದು ಅಧ್ಯಯನ ಅಂದ್ರೆ ಶುರು, ಟಾಕಲ್ಲಿ ಅದು ತೀರ್ಮಾನದ ಥರ ಕೇಳಿಸುತ್ತೆ. ಮತ್ತೆ ಆಕೆಯ ಟಾಕಲ್ಲಿ ಜನರಿಗೆ ನಾಟಿದ್ದು ಅಂಕಿ ಅಂಶ ಅಲ್ಲ, ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಕಾಲೇಜು ಮುಗಿಸೋಕಾಗಲ್ಲ ಅನ್ನಿಸಿಕೊಂಡ ಹುಡುಗಿ ಪ್ರೊಫೆಸರ್ ಆದ ಅವರದ್ದೇ ಕಥೆ. ಆ ಕಥೆ ನಿಜ. ಆದ್ರೆ ಅದು ಹಾರ್ಮೋನ್‌ಗೆ ಸಾಕ್ಷಿ ಅಲ್ಲ. ಕೇಳುವಾಗ ನಮಗೆ ಈ ಎರಡೂ ಬೇರೆ ಅಂತ ಹೊಳೆಯೋದೇ ಇಲ್ಲ, ಕಣ್ಣಲ್ಲಿ ನೀರು ಬಂದಿರುತ್ತೆ.

ಇದಕ್ಕೆ ಎದುರು 2006ರ ಹಾನ್ಸ್ ರೋಸ್ಲಿಂಗ್ (ಆರೋಗ್ಯ ವಿಜ್ಞಾನದ ಪ್ರೊಫೆಸರ್) ಅವರ ಟಾಕನ್ನ ಕ್ಲಾಸಲ್ಲಿ ತೋರಿಸಿ. ಸ್ವೀಡನ್ನಿನ ತಮ್ಮ ವಿದ್ಯಾರ್ಥಿಗಳಿಗೆ ಐದು ಜೋಡಿ ದೇಶ ಕೊಟ್ಟು, ಯಾವ ದೇಶದಲ್ಲಿ ಮಕ್ಕಳ ಸಾವು ಜಾಸ್ತಿ ಅಂತ ಕೇಳಿದ್ರಂತೆ. ಸರಾಸರಿ 1.8 ಸರಿ ಉತ್ತರ. ಕಣ್ಣು ಮುಚ್ಕೊಂಡು ಹೇಳಿದ್ರೂ 2.5 ಬರ್ಬೇಕಿತ್ತು, ಅಂದ್ರೆ ಚಿಂಪಾಂಜಿಗಳೇ ವಾಸಿ ಅಂತ ನಗಿಸ್ತಾರೆ. ಅಲ್ಲಿಂದ ದೇಶಗಳ ಆದಾಯ, ಆಯಸ್ಸು ವರ್ಷ ವರ್ಷಕ್ಕೂ ಹೇಗೆ ಬದಲಾಯ್ತು ಅಂತ ಗುಳ್ಳೆಗಳ ಚಾರ್ಟಲ್ಲಿ ಓಡಿಸ್ತಾರೆ, ಕ್ರಿಕೆಟ್ ಕಾಮೆಂಟರಿ ಹೇಳಿದಂಗೆ. ಆ ಅಂಕಿಗಳನ್ನ ಗ್ಯಾಪ್‌ಮೈಂಡರ್ ಸೈಟಲ್ಲಿ ನಿಮ್ಮ ಮಕ್ಕಳೇ ತೆಗೆದು ನೋಡಬಹುದು. ಕೇಳಿದೋರು ತಾವೇ ಹೋಗಿ ಪರೀಕ್ಷೆ ಮಾಡೋಕೆ ದಾರಿ ಬಿಟ್ಟಿರೋ ಟಾಕ್ ಮೇಲೆ ನನಗೆ ನಂಬಿಕೆ ಜಾಸ್ತಿ. (ಮಾರನೇ ವರ್ಷ ಅವರು ಟಾಕ್ ಕೊನೇಲಿ ವೇದಿಕೆ ಮೇಲೇ ಕತ್ತಿ ನುಂಗಿ ತೋರಿಸಿದ್ರು, ಅದನ್ನ ಮಾತ್ರ ಮಕ್ಕಳು ಪರೀಕ್ಷೆ ಮಾಡೋದು ಬೇಡ.)

ಪ್ರಶ್ನೆ: ನಮ್ಮ ಸಂಸ್ಥೆಯ ಕಾರ್ಯಕ್ರಮದಲ್ಲಿ 10 ನಿಮಿಷ "ಸ್ಫೂರ್ತಿದಾಯಕವಾಗಿ" ಮಾತಾಡಿ ಅಂದಿದಾರೆ. ನನ್ನ ಜೀವನದಲ್ಲಿ ದೊಡ್ಡ ಕಷ್ಟ, ಹೋರಾಟ ಏನೂ ಇಲ್ಲ. ಏನ್ ಹೇಳ್ಲಿ? (ಲೈಬ್ರರಿಯನ್)

ಕಷ್ಟ ಇಲ್ಲದಿದ್ರೆ ಸಂತೋಷ ಪಡಿ ಸರ್, ಭಾಷಣಕ್ಕೋಸ್ಕರ ಕಷ್ಟ ಹುಡುಕೋಕೆ ಹೋಗ್ಬೇಡಿ! ಇಂಥ ಮಾತಿಗೆ ಕಣ್ಣೀರು ಬೇಕು ಅನ್ನೋದು ಈಚೆಗೆ ಹಬ್ಬಿರೋ ನಂಬಿಕೆ. 2009ರಲ್ಲಿ ನೈಜೀರಿಯಾದ ಲೇಖಕಿ ಚಿಮಮಾಂಡ ಅಡೀಚಿ ಕೊಟ್ಟ ಟಾಕ್ ನೋಡಿ. ಅದರಲ್ಲಿರೋದು ಏನು? ಚಿಕ್ಕವಳಿದ್ದಾಗ ಇಂಗ್ಲಿಷ್ ಕಥೆಪುಸ್ತಕ ಓದಿ ಓದಿ ತಾನು ಬರೆದ ಕಥೆಗಳಲ್ಲೂ ನೀಲಿ ಕಣ್ಣಿನ ಬಿಳಿ ಮಕ್ಕಳು ಹಿಮದಲ್ಲಿ ಆಡ್ತಿದ್ರು, ಆಕೆ ಹಿಮಾನೇ ನೋಡಿರ್ಲಿಲ್ಲ. ಆಮೇಲೆ ಮನೇಲೇ ಇದ್ದು ಕೆಲಸ ಮಾಡ್ತಿದ್ದ ಹುಡುಗನ ಮನೆಯೋರು ಬಡವರು ಅಂತ ಅಮ್ಮ ಹೇಳಿದ್ದೊಂದೇ ಗೊತ್ತಿತ್ತು, ಒಂದು ದಿನ ಅವರ ಊರಿಗೆ ಹೋದಾಗ ಅವನ ಸೋದರ ಹೆಣೆದ ಚೆಂದದ ಬುಟ್ಟಿ ತೋರಿಸಿದ್ರು, ಆ ಮನೆಯೋರು ಏನಾದ್ರೂ ಮಾಡಬಲ್ಲರು ಅಂತಾನೇ ತನಗೆ ಹೊಳೆದಿರ್ಲಿಲ್ಲ ಅಂತಾರೆ. ಎಷ್ಟು ಸಣ್ಣ ಘಟನೆಗಳು ನೋಡಿ. ಒಬ್ಬರ ಬಗ್ಗೆ ಒಂದೇ ಕಥೆ ಕೇಳ್ತಾ ಹೋದ್ರೆ ಅವರು ಅಷ್ಟೇ ಅಂದ್ಕೊಂಡ್ಬಿಡ್ತೀವಿ ಅನ್ನೋ ದೊಡ್ಡ ಮಾತನ್ನ ಆ ಬುಟ್ಟಿ ಹೊತ್ಕೊಂಡು ನಿಲ್ಲುತ್ತೆ.

ನೀವು ಲೈಬ್ರರಿಯಲ್ಲಿದೀರಿ, ಯಾರು ಯಾವ ಪುಸ್ತಕ ತಗೊಂಡು ಹೋಗ್ತಾರೆ, ಯಾವುದು ವರ್ಷಗಟ್ಟಲೆ ಯಾರೂ ಮುಟ್ಟದೆ ಕೂತಿರುತ್ತೆ ಅಂತ ನಿಮಗೆ ಗೊತ್ತಿರೋದು ಸಭೇಲಿ ಬೇರೆ ಯಾರಿಗೂ ಗೊತ್ತಿರಲ್ಲ. ನಿಮ್ಮ ಅಭಿಪ್ರಾಯ ಬದಲಾಯಿಸಿದ ಒಂದು ಸಂದರ್ಭ ನೆನಪು ಮಾಡ್ಕೊಳ್ಳಿ. ಮೊದಲು ನಾನು ಹೀಗೆ ಅಂದ್ಕೊಂಡಿದ್ದೆ, ಇದು ನಡೀತು, ಈಗ ಹಾಗಂದ್ಕೊಳ್ಳಲ್ಲ. ಈ ಬದಲಾವಣೆ ಇಲ್ಲದಿದ್ರೆ ಅದು ಬರೀ ಪ್ರಸಂಗ. ನ್ಯೂಯಾರ್ಕಲ್ಲಿ 1997ರಲ್ಲಿ ಶುರುವಾದ ‘ದಿ ಮಾತ್’ (The Moth) ಅನ್ನೋ, ಕಥೆ ಹೇಳೋ ವೇದಿಕೆಯ ನಿಯಮ ನನಗಿಷ್ಟ: ಕಥೆ ನಿಜವಾಗಿರ್ಬೇಕು, ನಿಮ್ಮದೇ ಆಗಿರ್ಬೇಕು, ಚೀಟಿ ನೋಡಿ ಓದೋ ಹಾಗಿಲ್ಲ.

ಮತ್ತೆ ತಯಾರಿ ವಿಷಯ. ಹೇಳ್ಬೇಕಾದ್ದನ್ನ ಒಂದೇ ವಾಕ್ಯದಲ್ಲಿ ಬರೆದಿಟ್ಕೊಳ್ಳಿ, ಆ ವಾಕ್ಯಕ್ಕೆ ಸಂಬಂಧ ಇಲ್ಲದ್ದು ಎಷ್ಟೇ ಚೆನ್ನಾಗಿದ್ರೂ ತೆಗೀರಿ, ಎಲ್ಲಕ್ಕಿಂತ ನೋವಾಗೋ ಕೆಲಸ ಇದೇ. 10 ನಿಮಿಷ ಕೊಟ್ರೆ 8 ನಿಮಿಷಕ್ಕೆ ರೆಡಿ ಮಾಡಿ, ನಗು, ನಿಲುಗಡೆ, ಮೈಕ್ ಸರಿಮಾಡೋದು ಎಲ್ಲ ಸೇರಿ ಮಿಕ್ಕ 2 ನಿಮಿಷ ತಾನಾಗೇ ತಿಂದ್ಕೊಳ್ಳುತ್ತೆ. ಮನಸ್ಸಲ್ಲೇ ಓದ್ಕೊಂಡು ಟೈಮ್ ನೋಡ್ಬೇಡಿ, ಜೋರಾಗಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ, ಕೇಳೋಕೆ ಹಿಂಸೆ ಆಗುತ್ತೆ, ಆದ್ರೂ ಕೇಳಿ. ಎಲ್ಲರಿಗೂ ನಮಸ್ಕಾರ, ಅವಕಾಶ ಕೊಟ್ಟೋರಿಗೆ ಧನ್ಯವಾದ, ನಾನೇನು ದೊಡ್ಡ ಭಾಷಣಕಾರ ಅಲ್ಲ ಅನ್ನೋದರಲ್ಲೇ ಮೊದಲ ನಿಮಿಷ ಹೋಗುತ್ತೆ, ಜನ ಪೂರ್ತಿ ಕಿವಿ ಕೊಡೋ ನಿಮಿಷ ಅದೊಂದೇ, ಸೀದಾ ಘಟನೆಯೊಳಗೆ ಇಳಿದುಬಿಡಿ. ಸ್ಲೈಡ್ ಇಲ್ಲದಿದ್ರೂ ನಡೆಯುತ್ತೆ, 2006ರಲ್ಲಿ ಶಿಕ್ಷಣ ತಜ್ಞ ಕೆನ್ ರಾಬಿನ್ಸನ್ ಶಾಲೆಗಳ ಬಗ್ಗೆ ಮಾತಾಡಿದ್ದು ಒಂದೂ ಸ್ಲೈಡ್ ಇಲ್ಲದೆ, ಟೆಡ್‌ನಲ್ಲಿ ಅತಿ ಹೆಚ್ಚು ಜನ ನೋಡಿರೋ ಟಾಕ್‌ಗಳಲ್ಲಿ ಅದೂ ಒಂದು. ಮತ್ತೆ ಕಥೇಲಿ ಬೇರೆಯವರು ಬಂದ್ರೆ ಅವರಿಗೆ ಮುಂಚೆ ಹೇಳಿ ಒಪ್ಪಿಗೆ ತಗೊಳ್ಳಿ. ಹೆಂಡತಿ, ಮಕ್ಕಳಾದ್ರೂ ಅಷ್ಟೇ.

ಪ್ರಶ್ನೆ: ಮೈಕ್ ಹಿಡಿದ್ರೆ ಕೈ ನಡುಗುತ್ತೆ, ಪ್ರತಿ ವಾಕ್ಯಕ್ಕೂ "ಆ... ಅದೇ... ಏನಂದ್ರೆ" ಬರುತ್ತೆ. ಏನಾದ್ರೂ ಉಪಾಯ? (ಹೆಸರು ಬೇಡ)

ಕನ್ನಡಿ ಮುಂದೆ ಮಾತಾಡಿದ್ರೆ ಸಾಲಲ್ಲ, ಕನ್ನಡಿ ತಿರುಗಿ ನೋಡಿ ಆಕಳಿಸಲ್ಲ. ಟೋಸ್ಟ್‌ಮಾಸ್ಟರ್ಸ್ ಥರದ ಕ್ಲಬ್ ಸಿಕ್ಕಿದ್ರೆ ಸೇರಿ. 1924ರಲ್ಲಿ ರಾಲ್ಫ್ ಸ್ಮೆಡ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರು ಮಾಡಿದ್ದು. ಅಲ್ಲಿ ನಿಮ್ಮ "ಆ... ಊ..." ಎಣಿಸೋಕೇ ಒಬ್ಬರು ಇರ್ತಾರೆ, ಟೈಮ್ ತೋರಿಸೋಕೆ ಹಸಿರು, ಹಳದಿ, ಕೆಂಪು ಲೈಟ್ ಇರುತ್ತೆ, ವಿಷಯ ಅಲ್ಲೇ ಕೊಟ್ಟು ಒಂದೆರಡು ನಿಮಿಷ ಮಾತಾಡಿ ಅಂತಾರೆ. ಕ್ಲಬ್ ಇಲ್ಲದಿದ್ರೆ ನಾಲ್ಕು ಸ್ನೇಹಿತರು ಸೇರಿ ಇದೇ ಆಟ ಆಡಿ. "ಆ" ಬರೋ ಜಾಗದಲ್ಲಿ ಬಾಯಿ ಮುಚ್ಚಿ ಸುಮ್ಮನಿರೋದನ್ನ ಅಭ್ಯಾಸ ಮಾಡಿ, ನಿಮಗೆ ಯುಗ ಅನ್ಸುತ್ತೆ, ಕೇಳೋರಿಗೆ ಏನೋ ಯೋಚನೆ ಮಾಡಿ ಮಾತಾಡ್ತಿದಾರೆ ಅನ್ಸುತ್ತೆ. ಕೈ ನಡುಗಿದ್ರೆ ನಡುಗ್ಲಿ, ಕಾಗದ ಮಾತ್ರ ಹಿಡ್ಕೋಬೇಡಿ, ಅದು ಹತ್ತು ಪಟ್ಟು ಮಾಡಿ ತೋರಿಸುತ್ತೆ.

ಪ್ರಶ್ನೆ: ದುಡ್ಡು ಕೊಟ್ರೆ ಟೆಡ್‌ಎಕ್ಸ್‌ನಲ್ಲಿ ಮಾತಾಡೋ ಅವಕಾಶ ಕೊಡಿಸ್ತೀನಿ ಅಂತ ಒಬ್ರು ಮೆಸೇಜ್ ಮಾಡಿದಾರೆ. ಕೊಡ್ಲಾ?

ಕೊಡ್ಬೇಡಿ. ಟೆಡ್‌ಎಕ್ಸ್ ನಿಯಮದಲ್ಲಿ ಮಾತಾಡೋರಿಗೆ ದುಡ್ಡು ಕೊಡೋ ಹಾಗೂ ಇಲ್ಲ, ಅವರಿಂದ ತಗೊಳ್ಳೋ ಹಾಗೂ ಇಲ್ಲ. ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಟೆಡ್‌ಗೇ ಕಳಿಸಿ.

ಪ್ರಶ್ನೆ: ನನಗೆ ವಯಸ್ಸಾಯ್ತು, ಇಂಗ್ಲಿಷ್ ಟಾಕ್ ವೇಗ ಹಿಡಿಯೋಕಾಗಲ್ಲ. ಮೊಮ್ಮಗ ಅದನ್ನೇ 1.5 ಸ್ಪೀಡಲ್ಲಿ ನೋಡ್ತಾನೆ! ಯಾರು ಸರಿ? (ನಿವೃತ್ತ ನೌಕರರು)

ನೀವು ಟೆಡ್ ಸೈಟಲ್ಲೇ ನೋಡಿ, ವಿಡಿಯೋ ಜೊತೆ ಮಾತಿನ ಪೂರ್ತಿ ಪಠ್ಯ ಇರುತ್ತೆ, ಮೊದಲು ಅದನ್ನ ಓದಿ ಆಮೇಲೆ ಕೇಳಿದ್ರೆ ಸಲೀಸು. 2009ರಿಂದ ಸ್ವಯಂಸೇವಕರು ಸಬ್‌ಟೈಟಲ್ ಅನುವಾದ ಮಾಡ್ತಾ ಬಂದಿದಾರೆ, 100ಕ್ಕೂ ಹೆಚ್ಚು ಭಾಷೆಗಳಿವೆ, ನಿಮಗೆ ಬೇಕಾದ ಟಾಕ್‌ಗೆ ಕನ್ನಡ ಇದ್ಯಾ ಅಂತ ಭಾಷೆ ಪಟ್ಟಿಯಲ್ಲಿ ನೋಡ್ಕೊಳ್ಳಿ. ಸ್ಪೀಡನ್ನ 0.75ಕ್ಕೂ ಇಳಿಸಬಹುದು, ಮುಜುಗರ ಏನಿಲ್ಲ. ಮೊಮ್ಮಗನ ವಿಷಯಕ್ಕೆ ಬಂದ್ರೆ, ಅಂಕಿ ಅಂಶ, ಹೊಸ ಯಂತ್ರ, ಇಂಥದ್ದನ್ನ 1.5ರಲ್ಲಿ ನೋಡಿದ್ರೆ ನಷ್ಟ ಇಲ್ಲ. ಸ್ವಂತ ಕಥೆ ಹೇಳೋರದ್ದು ಮಾತ್ರ ಇದ್ದಂಗೇ ಕೇಳು ಅನ್ನಿ, ಅವರು ಎರಡು ಸೆಕೆಂಡ್ ಸುಮ್ಮನಾಗಿದ್ದು ಬೇಕಂತಲೇ. ಒಪ್ಪದಿದ್ರೆ ಅವನು ಹೇಳೋ ಜೋಕನ್ನೇ ರೆಕಾರ್ಡ್ ಮಾಡಿ ಅವನಿಗೇ 1.5ರಲ್ಲಿ ಕೇಳಿಸಿ.